ಪಾದ್ರಿ ಎಂಬ ಪದಕ್ಕೊಬ್ಬ ಸಾಕ್ಷಿ

ಹೊಳಲ್ಕೆರೆ
೬ ನವೆಂಬರ್ ೨೦೨೩

ಶ್ರೀಮತಿ ಬಿಂದು ವಿನೋದ್, ಹಿರಿಯೂರು, ಇವರಿಗೆ

ಮಾನ್ಯರೇ,

ನಾನು ಹೊಳಲ್ಕೆರೆಯ ನಿವೃತ್ತ ಕನ್ನಡ ಪಂಡಿತ. ದುರ್ಗದ ಸೀಮೆಯ ಜನ ಆಡುವ ಪದಗಳನ್ನು ಇಪ್ಪತ್ತೇಳು ವರ್ಷಗಳಿಂದ ಕಾರ್ಡುಗಳ ಮೇಲೆ ಬರೆದು ಕೂಡಿಡುತ್ತ ಬಂದಿದ್ದೇನೆ. ಇದು ತಮಗೆ ತಿಳಿಯದ ವಿಷಯವೇನಲ್ಲ. 'ಅ'ದಿಂದ 'ಚ'ವರೆಗಿನ ಕಾರ್ಡುಗಳನ್ನು ಶೂ ಡಬ್ಬಿಗಳಲ್ಲಿ ಜೋಡಿಸಿಕೊಟ್ಟವರು ತಾವೇ. ಆದರೂ ದೂರದವರಿಗೆ ಬರೆಯುವಾಗ ಪೀಠಿಕೆ ಹಾಕುವುದು ನನ್ನ ಪದ್ಧತಿ.

ಪುಸ್ತಕ ಬೇಸಿಗೆಯ ಹೊತ್ತಿಗೆ ಅಚ್ಚಾಗಬೇಕು. ಚಿತ್ರದುರ್ಗದ ಪ್ರೆಸ್ಸಿನವರು ಅವಸರ ಮಾಡುತ್ತಿದ್ದಾರೆ. ಈಗ 'ಪ' ಅಕ್ಷರಕ್ಕೆ ಬಂದಿದ್ದೇನೆ. ಅಲ್ಲಿ 'ಪಾದ್ರಿ' ಎಂಬ ಪದವಿದೆ. ಕ್ರೈಸ್ತರಲ್ಲಿ ಧರ್ಮಬೋಧನೆ ಮಾಡುವವರಿಗೆ ನಮ್ಮ ಕಡೆಯವರು ಹೇಳುವ ಮಾತು. ಇದರ ಮೂಲ ನನಗೆ ಸ್ಪಷ್ಟವಾಗಿಯೇ ಇದೆ: 'ಪಾದ'ದಿಂದ ಬಂದದ್ದು. ಊರೂರು ಕಾಲ್ನಡಿಗೆಯಲ್ಲಿ ತಿರುಗಿ ಬೋಧಿಸುವವನು ಪಾದ್ರಿ. ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ತಾವು ಅಂಥವರ ಮನೆಯಲ್ಲಿಯೇ ಇರುವುದರಿಂದ ಒಂದು ಮಾತು ಕೇಳುವುದು ಶಾಸ್ತ್ರ. ಆ ಪದದ ಅರ್ಥ, ಮೂಲ ಮತ್ತು ಅದೇ ಕೆಲಸದವರಿಗೆ ಇರುವ ಬೇರೆ ಹೆಸರುಗಳನ್ನು ಬರೆದು ಕಳಿಸಿ.

ಪತ್ರ ಪದದ ವಿಚಾರಕ್ಕೆ ಮಾತ್ರ ಸೀಮಿತವಾಗಿರಲಿ.

ಇತಿ,
ಎಚ್. ನಾಗರಾಜಪ್ಪ
ಸಂಗ್ರಾಹಕ

ವಿ. ಸೂ.: ನಿಮ್ಮ ತಾಯಿಗೆ ಎಡಮಂಡಿ ನೋವು ಹೆಚ್ಚಾಗಿದೆ. ಇದು ಪದದ ವಿಚಾರವಲ್ಲ.


ಹಿರಿಯೂರು
೧೪ ನವೆಂಬರ್ ೨೦೨೩

ಅಪ್ಪಾಜಿಗೆ,

ಆರು ವರ್ಷದ ಮೇಲೆ ನಿಮ್ಮ ಅಕ್ಷರ ನೋಡಿದೆ. ಲಕೋಟೆಯನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿದೆ. ಒಡೆದ ಮೇಲೆ 'ಮಾನ್ಯರೇ' ಎಂದು ಓದಿ ನಗು ತಡೆಯಲಾಗಲಿಲ್ಲ. ಬಬ್ಬೂರಿನ ಕೃಷಿ ಫಾರಂನಿಂದ ಊಟಕ್ಕೆ ಬಂದ ವಿನೋದ್, ಬಾಗಿಲಲ್ಲೇ ನಿಂತು, "ಏನಾಯ್ತೇ ನಿಂಗೆ?" ಎಂದರು. ಫಾರಂನ ಮಣ್ಣು ಪರೀಕ್ಷೆ ಮಾಡುವವರಿಗೆ ಅದೆಲ್ಲಿ ಅರ್ಥವಾಗಬೇಕು.

ಮೊದಲು ಪದ. ನಿಮ್ಮ ಪಾದದ ವಾದ ತಪ್ಪು. ಪೂರ್ತಿ ತಪ್ಪು, ಅಪ್ಪಾಜಿ. ಅದು ಪೋರ್ಚುಗೀಸರ 'ಪಾದ್ರೆ'. ಅವರು ಗೋವೆಗೆ ಬಂದಾಗ ತಮ್ಮ ಗುರುಗಳನ್ನು ಹಾಗೆ ಕರೆಯುತ್ತಿದ್ದರು. ಅಲ್ಲಿಂದ ಇಡೀ ದೇಶಕ್ಕೆ ಹರಡಿತು. ಪಾದ್ರೆ ಎಂದರೆ ಅವರ ಮಾತಿನಲ್ಲಿ ತಂದೆ. ಅದರ ಹಿಂದೆ ಲ್ಯಾಟಿನ್ನಿನ 'ಪಾತೆರ್' ಇದೆ. ಅದು ನಿಮ್ಮ ಸಂಸ್ಕೃತದ 'ಪಿತೃ'ವಿಗೆ ಒಡಹುಟ್ಟು. ಒಂಬತ್ತನೇ ತರಗತಿಗೆ ಸಮಾಜ ಪಾಠ ಮಾಡುವವಳು ಹೇಳುತ್ತಿದ್ದೇನೆ, ಬೇಕಾದರೆ ನಿಮ್ಮ ದಪ್ಪ ನಿಘಂಟು ತೆಗೆದು ನೋಡಿ.

ಈಗ ಪದವಲ್ಲದ ವಿಚಾರ. ಸೀಮಿತವಾಗಿರಿ ಎಂದು ನೀವು ಬರೆದರೆ ನಾನು ಇರುವವಳಲ್ಲ, ನಿಮಗೇ ಗೊತ್ತು. ನನಗೆ ಒಂದೇ ಆಸೆ. ನೀವು ಒಂದು ಸಲ ಈ ಮನೆಗೆ ಬಂದು, ಕೂತು, ನಾನು ಮಾಡಿದ ಕಾಫಿ ಕುಡಿಯಬೇಕು. ಮದುವೆಗೆ ನೀವು ಬರಲಿಲ್ಲ, ಅದನ್ನು ನುಂಗಿಕೊಂಡೆ. ಆದರೆ ಅದಕ್ಕೂ ಮೊದಲು, ಮಾವನವರು ಸಂಬಂಧ ಕೇಳಲು ನಮ್ಮ ಮನೆ ಬಾಗಿಲಿಗೆ ಬಂದ ದಿನ ನಾನು ಶಾಲೆಯಲ್ಲಿದ್ದೆ. ಅವತ್ತು ಅಲ್ಲಿ ಏನು ಮಾತಾಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಮಾವನವರನ್ನು ಕೇಳಿದರೆ "ಬಿಸಿಲು ಜಾಸ್ತಿ ಇತ್ತಮ್ಮ" ಎನ್ನುತ್ತಾರೆ. ಬರುವ ಮೇ ತಿಂಗಳಿಗೆ ಅವರು ಚರ್ಚಿನ ಸಭೆಯ ಕೆಲಸದಿಂದ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ನೀವು ಬನ್ನಿ.

ಅಮ್ಮನ ಮಂಡಿಗೆ ಎಣ್ಣೆ ಕಳಿಸಿದ್ದೇನೆ.

ನಿಮ್ಮ
ಬಿಂದು


ಹೊಳಲ್ಕೆರೆ
೨೭ ನವೆಂಬರ್ ೨೦೨೩

ಬಿಂದುವಿಗೆ,

ನಿಘಂಟು ನೋಡಿದೆ. ಒಂದಲ್ಲ, ಮೂರು ನೋಡಿದೆ. ನೀನು ಹೇಳಿದ್ದು ಸರಿ. ಪಾದದ ವಾದವನ್ನು ಹೊಡೆದುಹಾಕಿದ್ದೇನೆ. ಅದನ್ನೇ ಎರಡು ಸಭೆಗಳಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಚಪ್ಪಾಳೆ ಹೊಡೆದವರಿಗೆ ಈಗ ಕಾಗದ ಬರೆಯಲು ಆಗುತ್ತದೆಯೇ! ತಂದೆಯಂತೆ. ಹೋಗಲಿ, ಆ ದೇಶದವರ ಇಷ್ಟ.

ಆದರೆ ನೀನು ಈ ಪದಕ್ಕೆ ಸಾಕ್ಷಿಯಾಗಲಾರೆ. ನನ್ನ ನಿಯಮ ನಿನಗೆ ಮರೆತಿರಬಹುದು, ಮತ್ತೆ ಹೇಳುತ್ತೇನೆ. ಪುಸ್ತಕದಿಂದ ಎತ್ತಿದ ಪದಕ್ಕೆ ನನ್ನ ಡಬ್ಬಿಯಲ್ಲಿ ಜಾಗವಿಲ್ಲ. ಮಡಕೆಯ ಪದಗಳನ್ನು ಹೊಸದುರ್ಗದ ಕುಂಬಾರರ ಬಾಯಿಂದ ಕೇಳಿದೆ. ಕುರಿಯ ಪದಗಳನ್ನು ಹರಿಯಬ್ಬೆಯ ಹಟ್ಟಿಯಲ್ಲಿ ಕುಂತು ಕೇಳಿದೆ. ಪ್ರತಿ ಕಾರ್ಡಿನಲ್ಲೂ ಆ ಪದವಿರುವ ಒಂದು ವಾಕ್ಯ ಬೇಕು. ಕಟ್ಟಿದ ವಾಕ್ಯವಲ್ಲ, ಯಾರೋ ನಿಜವಾಗಿ ಆಡಿದ್ದು. ಯಾರು ಆಡಿದರು, ಯಾವ ಊರಲ್ಲಿ, ಯಾವತ್ತು ಎಂಬುದೂ ಬೇಕು.

ಬಳೆ ಮಾರುವ ಜಯಕ್ಕ ಜಗಳದಲ್ಲಿ ಆಡಿದ ಒಂದು ಬೈಗುಳವನ್ನು ಅವಳ ಹೆಸರಿನ ಸಮೇತ ಬರೆದುಕೊಂಡಿದ್ದೆ. ಅವಳು ಮನೆಗೇ ಬಂದು, "ನನ್ ಹೆಸ್ರು ತಗೀರಿ ಮೇಷ್ಟ್ರೇ, ಮೊಮ್ಮಕ್ಳು ಓದ್ತಾವೆ" ಎಂದು ಕೈಮುಗಿದಳು. "ಆಡಿದ ಮಾತು ಆಡಿದವರದ್ದೇ ಜಯಕ್ಕ, ನಾನು ತೆಗೆಯೋಕೆ ಬರಲ್ಲ" ಎಂದು ಕಳಿಸಿಬಿಟ್ಟೆ. ಇಪ್ಪತ್ತೇಳು ವರ್ಷದಲ್ಲಿ ಒಬ್ಬರಿಗೂ ರಿಯಾಯಿತಿ ಕೊಟ್ಟಿಲ್ಲ. ಈ ಪುಸ್ತಕಕ್ಕೆ ಏನಾದರೂ ಮರ್ಯಾದೆ ಇದ್ದರೆ ಅದು ಇದರಿಂದಲೇ.

ಆದ್ದರಿಂದ ಈ ಲಕೋಟೆಯಲ್ಲಿ ಒಂದು ಖಾಲಿ ಕಾರ್ಡು ಇಟ್ಟಿದ್ದೇನೆ. ನಿನ್ನ ಮನೆಯ ಹಿರಿಯರಿಂದ ತುಂಬಿಸಿ ಕಳಿಸು. ಕೊನೆಯಲ್ಲಿ 'ಪರಿಚಯ' ಎಂಬ ಸಾಲಿದೆ. ಪದ ಹೇಳಿದವರು ನನಗೆ ಏನಾಗಬೇಕು ಎಂಬುದನ್ನು ಅಲ್ಲಿ ನಾನೇ ಬರೆಯುವುದು. ನೆರೆಯವರು, ಶಿಷ್ಯರು, ಸೋದರಮಾವ, ಹೀಗೆ. ಅದನ್ನು ಅವರು ಮುಟ್ಟುವುದು ಬೇಡ.

ಕಾಫಿಯ ವಿಚಾರ ಓದಿದೆ.

ನಾಗರಾಜಪ್ಪ


ಹೊಳಲ್ಕೆರೆ
೧೧ ಡಿಸೆಂಬರ್ ೨೦೨೩

ಬಿಂದೂ,

ನಾನು ಕಣವ್ವ, ನಿಮ್ಮಮ್ಮ. ಅವ್ರು ಸಂಘದ ಮೀಟಿಂಗಿಗೆ ಹೋಗಿದಾರೆ, ಬೇಗ್ಬೇಗ ಬರೀತಿದೀನಿ. ನಿನ್ ಎಣ್ಣೆ ಬಂತು. ವಾಸ್ನೆ ಮಾತ್ರ ಕೇಳ್ಬ್ಯಾಡ, ಆದ್ರೆ ನೋವು ಇಳಿದೈತೆ.

ಇಲ್ಲಿ ನಡೀತಿರೋ ತಮಾಸೆ ಹೇಳ್ತೀನಿ ಕೇಳು. ಹನ್ನೊಂದು ಗಂಟೆ ಆಯ್ತು ಅಂದ್ರೆ ನಿಮ್ಮಪ್ಪ ಗೇಟಿನ ಹತ್ರ ನಿಂತಿರ್ತಾರೆ. ಪೋಸ್ಟಿನೋನು ಬಂದ್ರೆ ಗಿಡಕ್ಕೆ ನೀರು ಹಾಕೋ ಹಂಗೆ ಮಾಡ್ತಾರೆ. ಮಳೆ ಬರ್ವಾಗ್ಲೂ ನೀರು ಹಾಕಿದ್ರು! ನಾನು ನಗೋದಿಲ್ಲ. ನಕ್ರೆ ಮುಗೀತು, ಕಾಗದ ಬರೆಯೋದನ್ನೇ ಬಿಟ್ಬಿಡ್ತಾರೆ.

ಆ ದಿನದ್ದು ನೀನು ಕೇಳಿದೀಯಾ ಅಂತ ಗೊತ್ತು. ನಿನ್ ಕಾಗದ ನಾನೂ ಓದಿದೆ. ಆಡಿದ್ದು ಅವ್ರ ಬಾಯಿ, ಕೇಳಿದ್ದು ನನ್ ಕಿವಿ. ಅಡ್ಗೆಮನೆ ಬಾಗ್ಲಲ್ಲಿ ನಿಂತಿದ್ದೆ. ಒಂದು ಲೋಟ ನೀರಾದ್ರೂ ತಗೊಂಡು ಹೋಗ್ಬೇಕಿತ್ತು, ಹೋಗ್ಲಿಲ್ಲ. ನನ್ ತಪ್ಪೂ ಐತೆ. ಅದ್ರ ಮೇಲೆ ನಾನು ಹೇಳಲ್ಲ, ಅವ್ರೇ ಹೇಳ್ಬೇಕು.

'ಬೀಗರು' ಅಂತ ನಾನು ಬಾಯಿ ಬಿಟ್ರೆ ಸಾಕು, ಈಗ್ಲೂ ತಟ್ಟೆ ಬಿಟ್ಟು ಎದ್ದು ಹೋಗ್ತಾರೆ. ಅದಕ್ಕೇ ಹೇಳ್ತಿದೀನಿ, ಕಾರ್ಡು ಬೇಗ ಕಳಿಸ್ಬ್ಯಾಡ. ಇನ್ನಷ್ಟು ದಿನ ಗೇಟಿನ ಹತ್ರ ನಿಲ್ಲಲಿ.

ನಿನ್ನ ಅಮ್ಮ
ವೀರಮ್ಮ


ಹಿರಿಯೂರು
೨ ಜನವರಿ ೨೦೨೪

ಅಪ್ಪಾಜಿಗೆ,

ಕಾರ್ಡು ತಡವಾಗುತ್ತಿದೆ. ನನ್ನ ತಪ್ಪಲ್ಲ. ಮಾವನವರು ಅದನ್ನು ಬೈಬಲಿನೊಳಗೆ ಇಟ್ಟುಕೊಂಡು ಒಂದು ತಿಂಗಳಾಯಿತು. ದಿನಾ ತೆಗೆದು ನೋಡುತ್ತಾರೆ, ಪೆನ್ನು ಹಿಡಿಯುತ್ತಾರೆ, ಮತ್ತೆ ಒಳಗಿಡುತ್ತಾರೆ. ಎಲ್ಲ ಸಾಲೂ ತುಂಬಿದ್ದಾರಂತೆ, ವಾಕ್ಯದ ಸಾಲು ಮಾತ್ರ ಉಳಿದಿದೆಯಂತೆ. "ಯಾವುದಾದರೂ ಒಂದು ಬರೆದುಬಿಡಿ ಮಾವ" ಎಂದೆ. "ಯಾವುದಾದ್ರೂ ಒಂದು ಬರೀಬಾರ್ದು ಅಂತ ನಿಮ್ಮ ತಂದೆಯವರ ನಿಯಮ ಐತಲ್ಲಮ್ಮ" ಎಂದರು. ನನ್ನ ಹಣೆಬರಹಕ್ಕೆ ಇಬ್ಬರು ನಿಯಮದವರು ಸಿಕ್ಕಿದ್ದೀರಿ.

ಅಲ್ಲಿಯವರೆಗೆ ನಿಮಗೊಂದು ಪದ ಕಳಿಸುತ್ತೇನೆ. ಹುಡುಗರು ಮಾವನವರನ್ನು 'ಪಾಸ್ಟರ್' ಎನ್ನುತ್ತಾರೆ. ಹೋದ ವಾರ ಹರಿಯಬ್ಬೆಯ ಗೊಲ್ಲಪ್ಪ, ನೀವು ಕುರಿಯ ಪದ ಕೇಳಲು ಹೋಗಿದ್ದಿರಲ್ಲ, ಅದೇ ಅಜ್ಜ, ನಮ್ಮ ಕಾಂಪೌಂಡಿನ ಬೇವಿನ ಕೆಳಗೆ ಕುರಿ ತರುಬಿ ನಿಲ್ಲಿಸಿಕೊಂಡು ಕೂತಿದ್ದ. "ಪಾಸ್ಟ್ರು ಪಾಸ್ಟ್ರು ಅಂತಾರಲ್ಲ ಅಯ್ನೋರೇ, ಹಂಗಂದ್ರೇನು?" ಎಂದ. "ಲ್ಯಾಟಿನ್ ಮಾತಪ್ಪ. ಕುರಿ ಮೇಯಿಸೋನು ಅಂತ ಅರ್ಥ" ಎಂದರು ಮಾವ. ಗೊಲ್ಲಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. ಬಿಳಿ ಜುಬ್ಬ, ಪಾಲಿಶ್ ಮಾಡಿದ ಚಪ್ಪಲಿ. "ಅಲೆಲೆ, ಇದೊಳ್ಳೆ ಚೆನ್ನಾಗೈತೆ! ಹಂಗಾರೆ ನಾನು ಅರವತ್ತು ವರ್ಷದಿಂದ ಪಾಸ್ಟ್ರು. ಒಂದು ದಿನಾನೂ ಯಾರೂ ಕುರ್ಚಿ ಹಾಕ್ಲಿಲ್ವಲ್ಲ!" ಎಂದು ಬಿದ್ದುಬಿದ್ದು ನಕ್ಕ.

ಮಾವನವರೂ ನಕ್ಕರು. ಆದರೆ ಕುರ್ಚಿಯ ಮಾತಿಗೆ ಅವರ ನಗು ಸ್ವಲ್ಪ ಬೇಗ ನಿಂತಿತು. ಆಮೇಲೆ ಒಳಗೆ ಹೋಗಿ ತಾವೇ ಒಂದು ಕುರ್ಚಿ ತಂದು ಗೊಲ್ಲಪ್ಪನಿಗೆ ಹಾಕಿದರು. ಅವತ್ತೇ ಸಂಜೆ ವಾಕ್ಯದ ಸಾಲು ತುಂಬಲು ಕೂತರು, ಇನ್ನೂ ಮುಗಿದಿಲ್ಲ. ತಾವೇ ನಿಮಗೆ ನೇರವಾಗಿ ಪೋಸ್ಟ್ ಮಾಡುತ್ತಾರಂತೆ, ನನಗೆ ತೋರಿಸುವುದಿಲ್ಲವಂತೆ.

ನಿಮ್ಮ
ಬಿಂದು


ಹಿರಿಯೂರು
೮ ಜನವರಿ ೨೦೨೪

ಸನ್ಮಾನ್ಯ ನಾಗರಾಜಪ್ಪನವರಿಗೆ ಸಮಾಧಾನಪ್ಪನ ವಂದನೆಗಳು.

ತಮ್ಮ ಕಾರ್ಡು ತುಂಬಿದ್ದೇನೆ. ತಡವಾದುದಕ್ಕೆ ಕ್ಷಮೆ ಇರಲಿ. ತಮ್ಮ ಕೆಲಸದ ಬಗ್ಗೆ ಸೊಸೆ ಹೇಳುತ್ತಿರುತ್ತಾಳೆ. ಅಂಥ ಕೆಲಸಕ್ಕೆ ಅಡ್ಡಾದಿಡ್ಡಿ ಬರೆದು ಕೊಡಬಾರದೆಂದು ನಿಧಾನಿಸಿದೆ.

ನಮ್ಮ ಕೆಲಸದವರಿಗೆ ಹೆಸರುಗಳು ಹಲವು. ನನ್ನ ತಾತ ಹರಿಯಬ್ಬೆಯಿಂದ ಬಬ್ಬೂರಿನವರೆಗೆ ನಡೆದು ಪಾಠ ಹೇಳುತ್ತಿದ್ದರು. ಅವರನ್ನು 'ಉಪದೇಶಿ' ಎನ್ನುತ್ತಿದ್ದರು. ತಾವು ಹೇಳಿದ ಪಾದದ ಅರ್ಥ ಪದಕ್ಕೆ ಹೊಂದದಿದ್ದರೂ ನನ್ನ ತಾತನಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ಸಭೆಯ ಹಿರಿಯರು ನನ್ನನ್ನು 'ಅಯ್ನೋರು' ಎನ್ನುತ್ತಾರೆ, ಹುಡುಗರು 'ಪಾಸ್ಟ್ರು' ಎನ್ನುತ್ತಾರೆ. ಕಾಗದಪತ್ರದಲ್ಲಿ ನಾನು 'ಸಭಾಪಾಲಕ' ಎಂದು ರುಜು ಹಾಕುತ್ತೇನೆ.

ಇನ್ನು 'ಪಾದ್ರಿ'. ಅದಿರುವ ವಾಕ್ಯ, ನಿಜವಾಗಿ ಯಾರೋ ಆಡಿದ್ದು, ನಾನು ಕಿವಿಯಾರೆ ಕೇಳಿದ್ದು ಬೇಕು ಎಂದಿದ್ದೀರಿ. ಬೇರೆ ವಾಕ್ಯ ಹುಡುಕಿದೆ, ಒಂದು ತಿಂಗಳು ಹುಡುಕಿದೆ. ಜನ ಬೆನ್ನ ಹಿಂದೆ ಹಾಗೆ ಅನ್ನುತ್ತಾರೆಂದು ಗೊತ್ತು, ಆದರೆ ಅದು ನನ್ನ ಕಿವಿಗೆ ಬಿದ್ದಿಲ್ಲ. ಎದುರಿಗೆ ನಿಂತು ನನ್ನನ್ನು ಆ ಪದದಿಂದ ಕರೆದವರು ಒಬ್ಬರೇ. ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಕಾರ್ಡಿನಲ್ಲಿ ಹೀಗೆ ಬರೆದಿದ್ದೇನೆ:

"ಪಾದ್ರಿಗೆ ಕುರ್ಚಿ ಹಾಕೋ ಮನೆ ಅಲ್ಲ ಇದು. ಬಂದ ದಾರಿ ಹಿಡೀರಿ." ಆಡಿದವರು: ಎಚ್. ನಾಗರಾಜಪ್ಪ. ಸ್ಥಳ: ಹೊಳಲ್ಕೆರೆ, ಅವರ ಮನೆಯ ಬಾಗಿಲು. ದಿನ: ಸೋಮವಾರ, ೧೨ ಜೂನ್ ೨೦೧೭.

ಇದು ದೂರಲ್ಲ. ದೂರಬೇಕೆನ್ನಿಸಿದ್ದರೆ ಆರು ವರ್ಷ ಕಾಯುತ್ತಿರಲಿಲ್ಲ. ನಿಮ್ಮ ಪುಸ್ತಕದಲ್ಲಿ ಒಂದೇ ಒಂದು ಪದ ಸುಳ್ಳಾಗಬಾರದು ಎಂಬ ಆಸೆ ನನಗೂ ಇದೆ, ಅಷ್ಟೇ. ಈ ವಾಕ್ಯವನ್ನು ಸೊಸೆಗೆ ತೋರಿಸಿಲ್ಲ.

ತಮ್ಮ ವಿಶ್ವಾಸಿ,
ಸಮಾಧಾನಪ್ಪ


ಹೊಳಲ್ಕೆರೆ
೨೬ ಫೆಬ್ರವರಿ ೨೦೨೪

ಬಿಂದೂ,

ನಿಮ್ಮಾವ ಅದೇನು ಬರೆದು ಕಳಿಸಿದಾರೋ ಕಾಣೆ. ಕಾರ್ಡು ಬಂದ ದಿನದಿಂದ ಇವ್ರು 'ಪ' ಡಬ್ಬೀನೇ ಮುಟ್ಟಿಲ್ಲ. ಗೇಟಿನ ಹತ್ರಾನೂ ಹೋಗಲ್ಲ. ಗಿಡ ಒಣಗ್ತಾ ಅವೆ, ಈಗ ನಾನೇ ನೀರು ಹಾಕ್ತಿದೀನಿ.

ನಿನ್ನೆ ಪ್ರೆಸ್ಸಿನೋರು ಫೋನ್ ಮಾಡಿದ್ರು. 'ಮ' ಬಂತು, 'ಯ' ಬಂತು, 'ಪ' ಎಲ್ಲಿ ಅಂತ. ಇವ್ರು ಫೋನು ನನ್ ಕೈಗೆ ಕೊಟ್ಟು ಹಿತ್ಲಿಗೆ ಹೋದ್ರು. ಆಮೇಲೆ ಹಿತ್ಲಿಗೆ ಹೋಗಿ ಇವ್ರಿಗೆ ನಾನೇ ಹೇಳ್ದೆ, "ಅದೊಂದು ಪದ ಬಿಟ್ಬಿಡ್ರಿ, ಆಕಾಶ ಏನ್ ಕಳಚಿ ಬೀಳಲ್ಲ" ಅಂತ. "ಬಿಟ್ರೆ ಪುಸ್ತಕ ಸುಳ್ಳಾಗ್ತದೆ" ಅಂದ್ರು. "ಹಂಗಾರೆ ಬರೀರಿ" ಅಂದೆ. "ಬರದ್ರೆ ನಾನು ಎಂಥೋನು ಅಂತ ಊರೆಲ್ಲ ಓದ್ತದೆ" ಅಂದ್ರು. "ಜಯಕ್ಕನ ಮೊಮ್ಮಕ್ಳು ಓದ್ಬೋದು, ನಿಮ್ಮೋರು ಓದ್ಬಾರ್ದಾ?" ಅಂದ್ಬಿಟ್ಟೆ.

ಮೂವತ್ತೆಂಟು ವರ್ಷದಲ್ಲಿ ಅಷ್ಟು ಜೋರಾಗಿ ನಾನು ಮಾತಾಡಿದ್ದಿಲ್ಲ. ಅವ್ರು ಎದ್ದು ಹೋಗಿ ಡಬ್ಬಿ ತೆಗೆದು ಜಯಕ್ಕನ ಬೈಗುಳದ ಕಾರ್ಡು ಹುಡುಕಿ ಹಿಡ್ಕಂಡು ಕುಂತ್ರು. ಈಗ ನನ್ ಕೈಲಿ ಆಗೋದು ಮುಗೀತು ಕಣವ್ವ. ನೀನು ಏನೂ ಬರೀಬ್ಯಾಡ, ಸುಮ್ನಿರು.

ನಿನ್ನ ಅಮ್ಮ
ವೀರಮ್ಮ


ಹೊಳಲ್ಕೆರೆ
೩ ಏಪ್ರಿಲ್ ೨೦೨೪

ಶ್ರೀ ಸಮಾಧಾನಪ್ಪನವರಿಗೆ,

ತಮ್ಮ ಕಾರ್ಡು ತಲುಪಿ ಮೂರು ತಿಂಗಳಾಯಿತು. ಉತ್ತರ ಬರೆಯದೆ ಇದ್ದದ್ದು ನನ್ನ ಹೇಡಿತನ.

ಕಾರ್ಡನ್ನು ಪರಿಶೀಲಿಸಿದೆ. ದಿನ ಸರಿಯಾಗಿದೆ. ಸ್ಥಳ ಸರಿಯಾಗಿದೆ. ಆಡಿದವನ ಹೆಸರು ಸರಿಯಾಗಿದೆ. ಆದರೆ ವಾಕ್ಯ ಪೂರ್ತಿಯಾಗಿಲ್ಲ. ತಾವು ಅವತ್ತು ಹಿರಿಯೂರಿನ ದಾಳಿಂಬೆ ತಂದಿದ್ದಿರಿ, ಬಟ್ಟೆಯ ಚೀಲದಲ್ಲಿ. ಅದನ್ನು ನೋಡಿ ನಾನು, "ಇದನ್ನೂ ತಗೊಂಡು ಹೋಗ್ರಿ, ನಮ್ಮ ದನಾನೂ ಮೂಸಲ್ಲ" ಎಂದೆ. ಅದನ್ನು ತಾವು ಬಿಟ್ಟಿದ್ದೀರಿ. ಮರೆತು ಬಿಟ್ಟದ್ದಲ್ಲ, ನನ್ನ ಮಾನ ಉಳಿಸಲು ಬಿಟ್ಟದ್ದು ಎಂದು ನನಗೆ ಗೊತ್ತು. ಸಾಕ್ಷಿ ಹೇಳುವವರು ಹೀಗೆ ಕರುಣೆ ತೋರಿಸಬಾರದು. ನನ್ನ ಪುಸ್ತಕ ಕೆಡುತ್ತದೆ.

ಜಯಕ್ಕ ಎಂಬ ಹೆಂಗಸಿಗೆ ನಾನು ಒಮ್ಮೆ ಹೇಳಿದ್ದೆ, ಆಡಿದ ಮಾತು ಆಡಿದವರದ್ದೇ ಎಂದು. ಹೇಳುವಾಗ ಬಹಳ ದೊಡ್ಡ ಮನುಷ್ಯನಂತೆ ಹೇಳಿದ್ದೆ. ಹೋದ ವಾರ ಅವಳ ಮನೆಗೆ ಹೋಗಿ, ನನ್ನ ಮಾತೂ ಅವಳ ಮಾತಿನ ಜೊತೆಯಲ್ಲೇ ಅಚ್ಚಾಗುತ್ತದೆ ಎಂದು ತಿಳಿಸಿ ಬಂದೆ. "ಹಂಗಾರೆ ನಂದೂ ಇರ್ಲಿ ಬಿಡ್ರಿ ಮೇಷ್ಟ್ರೇ, ಜೊತೆ ಆಯ್ತು" ಎಂದಳು.

ಇನ್ನೊಂದು ಮಾತು. ಅಂಚೆಯಲ್ಲಿ ಬಂದ ವಾಕ್ಯವನ್ನು ನಾನು ಯಾರಿಂದಲೂ ಒಪ್ಪಿಕೊಂಡಿಲ್ಲ. ಸಾಕ್ಷಿಯ ಬಾಯಿಂದ ನನ್ನ ಕಿವಿಗೇ ಬೀಳಬೇಕು. ತಮ್ಮಿಂದ ಕಾರ್ಡು ತರಿಸಿಕೊಂಡದ್ದೇ ನಿಯಮಕ್ಕೆ ವಿರುದ್ಧ. ತಮ್ಮ ಬಾಗಿಲಿಗೆ ಬರುವುದನ್ನು ತಪ್ಪಿಸಿಕೊಳ್ಳಲು ನಾನು ಮಾಡಿದ ಉಪಾಯ ಅದು. ಆದ್ದರಿಂದ ಬರುವ ಸೋಮವಾರವಲ್ಲ, ಅದರಾಚೆಯ ಸೋಮವಾರ, ಹದಿನೈದನೇ ತಾರೀಖು, ಬೆಳಗಿನ ಬಸ್ಸಿಗೆ ಹೊರಟು ದುರ್ಗದಲ್ಲಿ ಬದಲಾಯಿಸಿ ಹಿರಿಯೂರಿಗೆ ಬರುತ್ತೇನೆ.

ದಯವಿಟ್ಟು ಕುರ್ಚಿ ಹಾಕಬೇಡಿ. ನಿಂತೇ ಕೇಳಿಸಿಕೊಳ್ಳುತ್ತೇನೆ.

ಎಚ್. ನಾಗರಾಜಪ್ಪ


ಹಿರಿಯೂರು
೧೬ ಏಪ್ರಿಲ್ ೨೦೨೪

ಅಮ್ಮಾ,

ಅಪ್ಪಾಜಿ ರಾತ್ರಿಯೊಳಗೆ ಮನೆ ಸೇರಿದರೆಂದು ಫೋನಿನಲ್ಲಿ ಹೇಳಿದೆಯಲ್ಲ, ಅವರು ಮಾತ್ರ ಏನೂ ಹೇಳಿರುವುದಿಲ್ಲ. ನಾನು ಹೇಳುತ್ತೇನೆ ಕೇಳು.

ಹನ್ನೊಂದೂವರೆಗೆ ಬಂದರು. ಶಾಲೆಗೆ ರಜೆ, ನಾನು ಮನೆಯಲ್ಲೇ ಇದ್ದೆ. ಅಪ್ಪಾಜಿ ಎಷ್ಟು ಸಣ್ಣಗಾಗಿದ್ದಾರೆ! ಹೆಗಲಿಗೆ ಅದೇ ಹಳೇ ಚೀಲ, ಕೈಯಲ್ಲಿ ಕಾರ್ಡು. ನಾನು ಓಡಿ ಹೋದರೆ, "ತಡಿ, ಮೊದಲು ಕೆಲಸ" ಎಂದರು. ಹೊಸ್ತಿಲಿನ ಆಚೆ, ಆ ಬಿಸಿಲಲ್ಲಿ ನಿಂತೇ ಇದ್ದರು. ಮಾವನವರು, "ಬರ್ರಿ, ಒಳಗ್ ಬರ್ರಿ, ಕುಂತ್ಕಳ್ರಿ" ಎಂದರೆ, "ಇಲ್ಲ, ವಾಕ್ಯ ಹೇಳ್ರಿ" ಎಂದರು. "ನೀವು ನಿಂತ್ರೆ ನಾನೂ ನಿಂತ್ಕತೀನಿ" ಎಂದು ಮಾವನವರೂ ಆಚೆ ಹೋಗಿ ನಿಂತರು. ಎಪ್ಪತ್ತರ ಹತ್ತಿರದ ಇಬ್ಬರು ಗಂಡಸರು ಬಿಸಿಲಲ್ಲಿ ಎದುರುಬದುರು! ವಿನೋದ್ ಎರಡು ಕುರ್ಚಿ ಹಿಡಿದುಕೊಂಡು ಮಧ್ಯದಲ್ಲಿ. "ಇಬ್ರೂ ಬಿದ್ರೆ ಯಾರನ್ನ ಮೊದ್ಲು ಎತ್ಲಿ?" ಎಂದು ಕೇಳಿದರು. ಯಾರೂ ನಗಲಿಲ್ಲ.

ಅಪ್ಪಾಜಿ ಮತ್ತೆ, "ವಾಕ್ಯ ಹೇಳ್ರಿ, ನಾನು ಕಿವಿಯಾರೆ ಕೇಳ್ಬೇಕು" ಎಂದರು. ಆಗ ಮಾವನವರು ಮೆಲ್ಲಗೆ, "ಬರೆಯೋಕೆ ಬಂತು ನಾಗರಾಜಪ್ಪನೋರೇ, ಬಾಯಲ್ಲಿ ಬರಲ್ಲ. ಅದು ನನ್ ಮಾತಲ್ಲ, ನಿಮ್ದು. ನೀವೇ ಹೇಳ್ರಿ" ಎಂದರು.

ಅಮ್ಮಾ, ಅಪ್ಪಾಜಿ ಮುಖ ನೋಡಬೇಕಿತ್ತು. ಇಷ್ಟು ದೂರ ಬಂದದ್ದು ಕೇಳುವುದಕ್ಕೆ, ಹೇಳುವುದಕ್ಕಲ್ಲ. ಒಮ್ಮೆ ನನ್ನ ಕಡೆ ನೋಡಿದರು. ನಾನಿದ್ದೇನೆಂದು ಆಗ ನೆನಪಾಯಿತೇನೋ. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ತರಗತಿಯಲ್ಲಿ ಪದ್ಯ ಓದಿಸುವಾಗ ನಿಲ್ಲುತ್ತಿದ್ದರಲ್ಲ, ಹಾಗೆ ನೆಟ್ಟಗೆ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿದರು. ಕುರ್ಚಿಯದ್ದು, ದಾರಿಯದ್ದು, ದಾಳಿಂಬೆಯದ್ದು, ಒಂದು ಅಕ್ಷರ ಬಿಡಲಿಲ್ಲ. ದಾಳಿಂಬೆಗೆ ಬರುವಾಗ ಒಂದು ಪದ ತಪ್ಪಿತು. ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳಿದರು.

ನನಗೆ ಸಿಟ್ಟು ಬಂತು. ಸುಳ್ಳೇಕೆ, ಮೈಯೆಲ್ಲ ಉರಿಯಿತು. ನನ್ನ ಮಾವ ಆ ಮಾತು ಕೇಳಿಸಿಕೊಂಡು, ಆ ಹಣ್ಣಿನ ಚೀಲ ಹಿಡಿದುಕೊಂಡು ಎರಡು ಬಸ್ಸು ಹತ್ತಿ ವಾಪಸ್ ಬಂದು, "ಬಿಸಿಲು ಜಾಸ್ತಿ ಇತ್ತಮ್ಮ" ಎಂದರಲ್ಲ! ಅಪ್ಪಾಜಿಯನ್ನು ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾವನವರು ವಿನೋದ್ ಕೈಯಿಂದ ಕುರ್ಚಿ ಇಸಿದುಕೊಂಡು, ಅಪ್ಪಾಜಿಯ ಹಿಂದೆ ತಾವೇ ಹಾಕಿ, "ಆಯ್ತು, ಬರ್ಕೊಳ್ರಿ. ನಿಂತ್ಕಂಡು ಬರೆದ್ರೆ ಅಕ್ಷರ ಕೆಡ್ತವೆ" ಎಂದರು. ಅಪ್ಪಾಜಿ ಕೂತರು. ಕೂತವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡುಬಿಟ್ಟರು. ಆಮೇಲೆ ನಾನೇನು ಬೈಯಲಿ?

ಕಾಫಿ ಕುಡಿದರು. ಎರಡು ಲೋಟ. ಸಕ್ಕರೆ ಜಾಸ್ತಿ ಎಂದರು. ದಾಳಿಂಬೆ ಬಿಡಿಸಿ ತಟ್ಟೆಯಲ್ಲಿಟ್ಟೆ, ತಟ್ಟೆ ಖಾಲಿ ಮಾಡಿದರು. ಇಬ್ಬರೂ ಸೇರಿ ಪಾಸ್ಟರ್, ಬಿಷಪ್, ಉಪದೇಶಿ ಎಂದು ಸಂಜೆಯವರೆಗೆ ಹರಟಿದರು. ನನಗೂ ವಿನೋದ್‌ಗೂ ಮಧ್ಯೆ ಬಾಯಿ ಹಾಕಲು ಜಾಗ ಕೊಡಲಿಲ್ಲ. ಮೇ ತಿಂಗಳ ಬೀಳ್ಕೊಡುಗೆಗೆ ಬರುತ್ತೀರಾ ಎಂದರೆ "ನೋಡೋಣ" ಎಂದರು. ಕಾರ್ಡು ಇಣುಕಿ ನೋಡಿದೆ. ಎಲ್ಲ ತುಂಬಿದೆ, 'ಪರಿಚಯ' ಮಾತ್ರ ಖಾಲಿ. "ಇದು ಬಿಟ್ಟಿದ್ದೀರಲ್ಲ" ಎಂದೆ. "ಅದನ್ನ ಮನೆಗೆ ಹೋಗಿ ಬರೀತೀನಿ, ನಿಮ್ಮಮ್ಮನ್ನ ಕೇಳ್ಬೇಕು" ಎಂದರು. ನಿನ್ನನ್ನು ಏನು ಕೇಳಿದರು, ಹೇಳೇ.

ನಿನ್ನ
ಬಿಂದು


ಹೊಳಲ್ಕೆರೆ
೯ ಮೇ ೨೦೨೪

ಮಗಳೇ,

'ಪ' ಪ್ರೆಸ್ಸಿಗೆ ಹೋಯಿತು. ನಿನ್ನೆ ಕರಡು ಬಂತು, ತಪ್ಪು ತಿದ್ದಿದೆ. ನಿನಗೊಂದು ಪ್ರತಿ ಇಟ್ಟಿದ್ದೇನೆ. ಪುಸ್ತಕ ಬಂದಮೇಲೆ ಊರಿನವರು ಓದಿ ಏನಾದರೂ ಅಂದುಕೊಳ್ಳಲಿ. ಅನ್ನಿಸಿಕೊಳ್ಳಬೇಕಾದವನು ಅನ್ನಿಸಿಕೊಳ್ಳಬೇಕು. ನಾನು ಈಗ ಯಾರ ಮುಖವನ್ನಾದರೂ ನೆಟ್ಟಗೆ ನೋಡಬಲ್ಲೆ.

ನಿಮ್ಮ ಅಮ್ಮನನ್ನು ಏನು ಕೇಳಿದೆನೆಂದು ತಿಳಿಯುವ ಕುತೂಹಲ ನಿನಗೆ. ಒಂದು ಪದ ಕೇಳಿದೆ. ನನ್ನ ನಿಯಮದಂತೆ, ಆ ಪದವನ್ನು ಆಡುವವರ ಬಾಯಿಂದಲೇ ಕೇಳಿ ಬರೆದುಕೊಂಡೆ. ಆರು ವರ್ಷದಿಂದ ಅದನ್ನು ಆಡುತ್ತಿದ್ದವಳು ಈ ಮನೆಯಲ್ಲಿ ಅವಳೊಬ್ಬಳೇ. ಈ ಸಲ ತಟ್ಟೆ ಬಿಟ್ಟು ಏಳಲಿಲ್ಲ.

ಭಾನುವಾರದ ಬೀಳ್ಕೊಡುಗೆಗೆ ನಾವಿಬ್ಬರೂ ಬರುತ್ತೇವೆ. ಮಂಡಿ ನೋವಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲ, ನಿಮ್ಮ ಅಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿರು. ನನಗೂ ಒಂದು. ಕಾಫಿಗೆ ಸಕ್ಕರೆ ಕಡಿಮೆ ಹಾಕು.

ನಿನ್ನ
ಅಪ್ಪ

ಜೊತೆಗಿಟ್ಟ ಕರಡು:

ಪಾದ್ರಿ: (ನಾಮಪದ) ಕ್ರೈಸ್ತ ಧರ್ಮಬೋಧಕ. ಪೋರ್ಚುಗೀಸಿನ ಪಾದ್ರೆ, ಲ್ಯಾಟಿನ್ನಿನ ಪಾತೆರ್, ಅಂದರೆ ತಂದೆ. ಸಂಸ್ಕೃತದ ಪಿತೃವಿಗೆ ಒಡಹುಟ್ಟು. 'ಪಾದ'ದಿಂದ ಬಂದದ್ದೆಂದು ಈ ಸಂಗ್ರಾಹಕ ಸಭೆಗಳಲ್ಲಿ ಹೇಳಿದ್ದು ತಪ್ಪು. ಅದೇ ಕೆಲಸದವರಿಗೆ ಉಪದೇಶಿ, ಅಯ್ನೋರು, ಪಾಸ್ಟ್ರು (ಕುರಿ ಮೇಯಿಸುವವನು), ಸಭಾಪಾಲಕ ಎಂಬ ಹೆಸರುಗಳೂ ಇವೆ. 'ಪಾದ್ರಿ' ಎಂಬುದನ್ನು ಕೆಲವೊಮ್ಮೆ ಹೀನಾಯವಾಗಿ ಬಳಸುತ್ತಾರೆ. ಹಾಗೆ ಬಳಸಿದ್ದು: "ಪಾದ್ರಿಗೆ ಕುರ್ಚಿ ಹಾಕೋ ಮನೆ ಅಲ್ಲ ಇದು. ಬಂದ ದಾರಿ ಹಿಡೀರಿ. ಇದನ್ನೂ ತಗೊಂಡು ಹೋಗ್ರಿ, ನಮ್ಮ ದನಾನೂ ಮೂಸಲ್ಲ." ಆಡಿದವನು: ಈ ಪುಸ್ತಕದ ಸಂಗ್ರಾಹಕ, ಹೊಳಲ್ಕೆರೆ, ೧೨ ಜೂನ್ ೨೦೧೭. ಸಾಕ್ಷಿ: ಸಮಾಧಾನಪ್ಪ, ಹಿರಿಯೂರು. ಪರಿಚಯ: ನಮ್ಮ ಬೀಗರು.